ಅಳತೆಕೋಲಿನ ಮೂರನೆಯ ಗೀಟು

ಬಡಿಗೇರ ಎಂಬ ಅಡ್ಡಹೆಸರು ಕೇಳಿದರೆ ವಿಶಾಖಪಟ್ಟಣದಲ್ಲಿ ಯಾರಿಗೂ ಏನೂ ಹೊಳೆಯುವುದಿಲ್ಲ. ಇದು ವಿನಾಯಕನಿಗೆ ಬಹಳ ಅನುಕೂಲವಾಗಿತ್ತು. ಸಮಾಜಶಾಸ್ತ್ರ ವಿಭಾಗದ ಹಾಜರಿ ಪುಸ್ತಕದಲ್ಲಿ ಅವನ ಹೆಸರು ನೋಡಿದ ದಿನ ನಾನೊಬ್ಬಳೇ ಸುಮ್ಮನಿರಲಾರದೆ ಕೇಳಿಬಿಟ್ಟೆ.

"ಕೊಪ್ಪಳ ಕಡ್ಯಾರೇನು? ಮನ್ಯಾಗ ಬಡಿಗತನ ಐತೇನು?"

ಅವನು ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಕನ್ನಡದಾಗ ಕೇಳಿದ್ರಿ, ಪುಣ್ಯಾ ಬಂತು. ತೆಲುಗಿನ್ಯಾಗ ಮಾತ್ರ ಕೇಳಬ್ಯಾಡ್ರಿ ಅಕ್ಕಾರ."

ನನ್ನದು ಗಂಗಾವತಿ ಹತ್ತಿರದ ಹಳ್ಳಿ. ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ, ಅವರ ವರ್ಗಾವಣೆಯ ಬೆನ್ನು ಹಿಡಿದು ಈ ಊರಿಗೆ ಬಂದು ಪಿಎಚ್.ಡಿ.ಗೆ ಸೇರಿಕೊಂಡಿದ್ದೆ. ವಿನಾಯಕ ನನಗಿಂತ ಒಂದು ವರ್ಷ ತಡವಾಗಿ ಬಂದ. ಇಬ್ಬರಿಗೂ ಮಾರ್ಗದರ್ಶಕರು ಒಬ್ಬರೇ, ಪ್ರೊಫೆಸರ್ ಕಾಮೇಶ್ವರ. ಇಬ್ಬರ ಮನೆಯಲ್ಲೂ ಡಿಗ್ರಿ ಎಂಬುದು ನಮ್ಮಿಂದಲೇ ಶುರುವಾದದ್ದು. ಹಾಗಾಗಿ ಒಂದು ವಾರದೊಳಗೆ ಅವನ ಕಥೆಯೆಲ್ಲ ನನಗೆ ಗೊತ್ತಾಯಿತು.

ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಅವನ ತಾಯಿ ಅವನನ್ನು ವಿಜಯವಾಡದಲ್ಲಿದ್ದ ತಮ್ಮನ ಬಳಿ ಬಿಟ್ಟು ಹೋದಳು. ಆ ಮಾವನ ಹೆಸರು ಮೌನೇಶ. ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡು ಅವನದು. ಕಂಪನಿಯಿಂದ ಬರಿ ಎಂಜಿನ್ನು, ಚಾಸಿ ಎನ್ನುವ ಕಬ್ಬಿಣದ ಅಡಿಚೌಕಟ್ಟು, ಚಕ್ರ ಇಷ್ಟೇ ಬರುತ್ತದೆ. ಅದರ ಮೇಲೆ ಚಾಲಕ ಕೂರುವ ಕ್ಯಾಬಿನ್ನು, ಹಿಂದೆ ಸರಕು ತುಂಬುವ ತೊಟ್ಟಿ, ಎಲ್ಲವನ್ನೂ ಮರ ಮತ್ತು ತಗಡಿನಲ್ಲಿ ಕಟ್ಟಿಕೊಡುವುದು ಇವರ ಕೆಲಸ. ವಿನಾಯಕ ಅಲ್ಲಿ ಆರು ವರ್ಷ ಮರ ಕೊಯ್ದ. ದೂರಶಿಕ್ಷಣದಲ್ಲಿ ಬಿ.ಎ. ಮಾಡಿದ. ಮಾವನ ಹೆಂಡತಿ ಕನಕದುರ್ಗ ತೆಲುಗಿನವಳು. ಪರೀಕ್ಷೆಯ ದಿನಗಳಲ್ಲಿ ಅವನನ್ನು ಶೆಡ್ಡಿಗೆ ಹೋಗಲು ಬಿಡದೆ ಮನೆಯ ಹೊರಗಿಂದ ಚಿಲಕ ಹಾಕಿ ಓದಿಸಿದವಳು ಆಕೆ.

ಆಮೇಲೆ ಎಂ.ಎ.ಗೆ ಇನ್ನೊಂದು ಊರಿಗೆ ಹೋದ. ಯಾವ ಊರು ಎಂಬುದು ಇಲ್ಲಿ ಬೇಡ. ಅಲ್ಲಿ ಪರಿಚಯದ ದಿನ ಎಲ್ಲರೂ ತಮ್ಮ ತಮ್ಮ ಬಗ್ಗೆ ಹೇಳುವಾಗ ಇವನೂ ಉತ್ಸಾಹದಿಂದ ಶೆಡ್ಡಿನ ವಿಷಯ ಹೇಳಿದ. ಮರುದಿನ ಒಬ್ಬ ಮೇಷ್ಟ್ರು ಕರೆದು, "ಲೈಬ್ರರಿಯಲ್ಲಿ ಸ್ಟೂಲುಗಳು ಅಲುಗಾಡುತ್ತಿವೆ, ಸ್ವಲ್ಪ ನೋಡಪ್ಪಾ" ಎಂದರು. ಎರಡು ವರ್ಷದಲ್ಲಿ ಅವನು ನಲವತ್ತು ಸ್ಟೂಲು, ಹಾಸ್ಟೆಲಿನ ಹನ್ನೊಂದು ಬಾಗಿಲು ಮತ್ತು ಅದೇ ಮೇಷ್ಟ್ರ ಮನೆಯ ಒಂದು ತೂಗುಮಂಚ ಸರಿಮಾಡಿದ. ಬೀಳ್ಕೊಡುಗೆಯಲ್ಲಿ ಮೇಷ್ಟ್ರು ಒಬ್ಬೊಬ್ಬರ ಬಗ್ಗೆಯೂ ಎರಡು ಮಾತಾಡಿದರು. ಇವನ ಸರದಿ ಬಂದಾಗ, "ವಿನಾಯಕ ಹೋದ ಮೇಲೆ ನಮ್ಮ ಸ್ಟೂಲುಗಳ ಗತಿಯೇನು" ಎಂದರು. ಎಲ್ಲರೂ ನಕ್ಕರು. ಇಡೀ ತರಗತಿಗೆ ಅವನೇ ಮೊದಲಿಗನಾಗಿದ್ದ. ಆ ಮಾತು ಯಾರಿಗೂ ನೆನಪಾಗಲಿಲ್ಲ.

"ಅವತ್ತ ಆಣೆ ಮಾಡೀನಿ ಅಕ್ಕಾರ" ಎಂದ ವಿನಾಯಕ. "ಇನ್ನ ಯಾವ ಕಾಲೇಜಿನ್ಯಾಗೂ ನನ್ನ ಕೈಗೆ ಉಳಿ ಹಿಡಿಯಾಕ ಬರ್ತೈತಿ ಅನ್ನೂದು ಗೊತ್ತಾಗಬಾರ್ದು." ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ನನ್ನಿಂದಲೂ ಮಾತು ತೆಗೆದುಕೊಂಡ.

ಕಾಮೇಶ್ವರ ಸರ್ ಅವರದೊಂದು ಪದ್ಧತಿಯಿತ್ತು. ಹೊಸದಾಗಿ ಸೇರಿದವರು ಕೋರ್ಸ್‌ವರ್ಕ್ ಮುಗಿಯುವಷ್ಟರಲ್ಲಿ ಒಂದು ಹಾಳೆಯಲ್ಲಿ ಮೂರು ಶೀರ್ಷಿಕೆ ಬರೆದು ಕೊಡಬೇಕು. ಅವರು ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡು, ಕೆಲವು ದಿನ ನೋಡಿ, ಎರಡನ್ನು ಹೊಡೆದುಹಾಕುತ್ತಾರೆ. ಉಳಿದದ್ದು ಆರು ತಿಂಗಳಿಗೊಮ್ಮೆ ಕೂರುವ ಸಮಿತಿಯ ಮುಂದೆ ಹೋಗುತ್ತದೆ. ಸಮಿತಿ ಒಪ್ಪಿದರೆ ನೋಂದಣಿ. ಒಬ್ಬರ ಹೆಸರಿನಲ್ಲಿ ನೋಂದಣಿಯಾದ ವಿಷಯವನ್ನು ವಿಭಾಗದಲ್ಲಿ ಮುಂದಿನ ಐದು ವರ್ಷ ಯಾರೂ ಮುಟ್ಟುವಂತಿಲ್ಲ.

ವಿನಾಯಕ ಬರೆದುಕೊಟ್ಟ ಮೊದಲ ಮೂರು ಹೀಗಿದ್ದವು. ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ. ನಗರ ಕುಟುಂಬಗಳಲ್ಲಿ ಬದಲಾಗುತ್ತಿರುವ ಮೌಲ್ಯಗಳು. ಜಾಗತೀಕರಣ ಮತ್ತು ಹಳ್ಳಿ.

ಸರ್ ಅವನನ್ನು ಕರೆದರು. ನಾನೂ ಅಲ್ಲೇ ಇದ್ದೆ. ಅವರು ಎದ್ದು ಗೋಡೆಯ ಪಕ್ಕದ ಬೀರು ತೆರೆದರು. ಅಲ್ಲಿ ಹಳೆಯ ಪ್ರಬಂಧಗಳಿದ್ದವು, ಕೆಂಪು ರಟ್ಟು, ಬೆನ್ನಿನ ಮೇಲೆ ಚಿನ್ನದ ಅಕ್ಷರ.

"ಜಾಲತಾಣ, ನಾಲ್ಕು ಇವೆ. ಮೌಲ್ಯಗಳು, ಎರಡು. ಜಾಗತೀಕರಣ ಎಣಿಸೋಕೆ ಕೂತರೆ ಊಟದ ಹೊತ್ತಾಗುತ್ತೆ" ಎಂದರು. ಗದರಿಸಲಿಲ್ಲ. "ಇದನ್ನ ನೀನು ಯೋಚನೆ ಮಾಡಿ ಬರೆದದ್ದಲ್ಲ ವಿನಾಯಕ, ಈ ಬೀರು ನೋಡಿ ಬರೆದದ್ದು. ನಿನಗೆ ಗೊತ್ತಿರೋದು ಏನು?"

ಅವನು ನೆಲ ನೋಡುತ್ತ ನಿಂತ. "ಏನೂ ಇಲ್ಲ ಸರ್" ಎಂದ.

ಹೊರಗೆ ಬಂದ ಮೇಲೆ ನಾನು ಬಿಡಲಿಲ್ಲ. "ಮಾವನ ಶೆಡ್ಡಿನ ಮ್ಯಾಲೆ ಬರಿಯೋ ಮಾರಾಯ. ಈಗ ಕಂಪನಿಯಿಂದಲೇ ರೆಡಿ ಕ್ಯಾಬಿನ್ನು ಬರಾಕತ್ತ್ಯಾವ, ಶೆಡ್ಡು ಮುಚ್ಚಾಕತ್ತ್ಯಾವ ಅಂತ ನೀನ ಹೇಳಿದಿ. ಇನ್ನ ಹತ್ತು ವರ್ಷ ಹೋದ್ರ ಬರಿಯಾಕ ಏನೂ ಉಳಿಯೂದಿಲ್ಲ."

"ಬರದ್ರ ಮೊದಲನೇ ಪ್ರಶ್ನೆ ಏನ್ ಕೇಳ್ತಾರ ಹೇಳ್ರಿ? ನಿನಗ ಇದು ಹ್ಯಾಂಗ ಗೊತ್ತು ಅಂತಾರ. ಎರಡನೇದು, ಸೆಮಿನಾರ್ ಹಾಲಿನ ಬಾಗಿಲಾ ಹತ್ತಾಕತ್ತೈತಿ, ಸ್ವಲ್ಪ ನೋಡಪಾ ಅಂತಾರ."

ನಕ್ಕ. ನಾನೂ ನಕ್ಕೆ. ಸೆಮಿನಾರ್ ಹಾಲಿನ ಬಾಗಿಲು ನಿಜಕ್ಕೂ ನೆಲಕ್ಕೆ ತಾಗುತ್ತಿತ್ತು.

ಅವನ ಜೊತೆಗೇ ಸೇರಿದವಳು ಪ್ರತ್ಯೂಷಾ. ತಂದೆ ಬಂದರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಹುಡುಗಿ ಒಳ್ಳೆಯವಳು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಂದ ಡಬ್ಬಿಯನ್ನು ಎಲ್ಲರ ಮುಂದೆ ತೆರೆದಿಡುವವಳು. ಅವಳಿಗೂ ವಿಷಯ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ನಾವು ಮೂವರೂ ಮದ್ದಿಲಪಾಲೆಂನಲ್ಲಿ ಹೆದ್ದಾರಿಯ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಸಿಗ್ನಲ್ಲಿನಲ್ಲಿ ಒಂದು ಖಾಲಿ ಲಾರಿ ಬಂದು ನಿಂತಿತು.

"ಈ ಲಾರಿ ಸೊಟ್ಟಗಿದೆ ನೋಡಿ, ಹಿಂದುಗಡೆ ಎತ್ತರ" ಎಂದಳು ಪ್ರತ್ಯೂಷಾ, ತೆಲುಗಿನಲ್ಲಿ.

"ಸೊಟ್ಟಗಿಲ್ಲ. ಇದು ವಿಜಯವಾಡದ ಕೆಲಸ" ಎಂದ ವಿನಾಯಕ. ಅವನೂ ತೆಲುಗಿನಲ್ಲೇ ಹೇಳಿದ. "ತುಂಬಿದ ಮೇಲೆ ಅಡಿಯ ಸ್ಪ್ರಿಂಗು ಪಟ್ಟಿಗಳು ಕುಸಿದು ಸರಿಯಾಗುತ್ತೆ. ಖಾಲಿ ಇದ್ದಾಗಲೇ ಸಮ ಕಾಣೋ ಹಾಗೆ ಕಟ್ಟಿದರೆ ಸಿಮೆಂಟು ತುಂಬಿದ ದಿನ ಹಿಂದಕ್ಕೆ ಕೂರುತ್ತೆ. ಅದಕ್ಕೇ ಕಟ್ಟೋನು ಮೊದಲು ಅಳತೆ ಕೇಳಲ್ಲ, ಏನು ತುಂಬ್ತೀರಿ ಅಂತ ಕೇಳ್ತಾನೆ."

ಅವನು ನಿಲ್ಲಲಿಲ್ಲ. ಹಲಗೆ ಜೋಡಿಸುವ ಕ್ರಮ, ಯಾವ ಮರ ಎಲ್ಲಿಗೆ, ನಕ್ಷೆಯಿಲ್ಲದೆ ಬರಿ ಒಂದು ಕೋಲಿನಿಂದ ಇಡೀ ಲಾರಿ ಅಳೆಯುವ ಬಗೆ. ಚಹಾ ಆರಿತು. ಅವನು ಒಂದು ವರ್ಷದಲ್ಲಿ ವಿಭಾಗದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಅಂದು ಆಡಿದ. ಪ್ರತ್ಯೂಷಾ ಬಾಯಿ ಬಿಟ್ಟುಕೊಂಡು ಕೇಳಿದಳು.

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

ವಿನಾಯಕ ಲೋಟ ಕೆಳಗಿಟ್ಟ. "ಅಲ್ಲಿ ಪರಿಚಯದವರೊಬ್ಬರ ಶೆಡ್ ಇದೆ."

"ಇದೇ ಒಂದು ಥೀಸಿಸ್ ಆಗುತ್ತಲ್ಲ. ನೀವೇ ತಗೊಳ್ಳಬಹುದಲ್ಲ?"

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹೌದು ಎನ್ನಲು ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಆದರೆ ಆ ಮಾತಿನ ಹಿಂದೆ ನಲವತ್ತು ಸ್ಟೂಲುಗಳು ಕಾದು ನಿಂತಿದ್ದವು.

"ನನಗೆ ಅದರಲ್ಲಿ ಆಸಕ್ತಿ ಇಲ್ಲ" ಎಂದ.

"ಹಾಗಾದರೆ ನಾನು ತಗೊಳ್ಳಲಾ? ನಿಮಗೆ ಬೇಜಾರಿಲ್ಲ ತಾನೇ?"

"ತಗೊಳ್ಳಿ. ನನಗೇನು ಬೇಜಾರು?"

ಬಸ್ಸಿನಲ್ಲಿ ವಾಪಸು ಬರುವಾಗ ಅವನಿಗೆ ಕನ್ನಡದಲ್ಲಿ ಬೈದೆ. ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ನೀವು ಮಾತು ಕೊಟ್ಟೀರಿ ಅಕ್ಕಾರ" ಎಂದಷ್ಟೇ ಹೇಳಿದ. ನಾನು ಕೊಟ್ಟ ಮಾತು ಉಳಿಸಿಕೊಂಡೆ. ಉಳಿಸಿಕೊಳ್ಳಬಾರದಿತ್ತು ಎಂದು ಈಗ ಅನಿಸುತ್ತದೆ.

ಪ್ರತ್ಯೂಷಾಳ ಹಾಳೆಯಲ್ಲಿ ಆ ಒಂದೇ ಶೀರ್ಷಿಕೆಯಿತ್ತು. ಕಾಮೇಶ್ವರ ಸರ್ ಅದನ್ನು ಎರಡು ಸಲ ಓದಿ, "ಇದು ವಿಷಯ" ಎಂದರಂತೆ. ಸಮಿತಿಗೆ ಮೊದಲು ಒಮ್ಮೆ ಜಾಗ ನೋಡಿ ಬಾ ಎಂದರು. ವಿನಾಯಕನಿಗೆ ಅಲ್ಲಿ ಪರಿಚಯವಿದೆ, ಅವನು ಕರೆದುಕೊಂಡು ಹೋಗಬೇಕು. ಪ್ರತ್ಯೂಷಾಳ ಮನೆಯಲ್ಲಿ ಗಂಡಸಿನ ಜೊತೆ ಒಬ್ಬಳನ್ನೇ ಕಳಿಸುವುದಿಲ್ಲ, ಹಾಗಾಗಿ ನಾನೂ ಹೊರಡಬೇಕು. ಬೆಳಗಿನ ರೈಲು ಹಿಡಿದೆವು.

ಅನಕಾಪಲ್ಲಿ ದಾಟುವಾಗ ವಿನಾಯಕ ಎದ್ದು ಬಾಗಿಲ ಹತ್ತಿರ ಹೋಗಿ ಫೋನ್ ಮಾಡಿದ. ಕೈ ತೊಳೆಯಲು ಹೋದ ನನ್ನ ಕಿವಿಗೆ ಅವನ ಮಾತು ಬಿತ್ತು.

"ಮಾವ, ಅವರ ಮುಂದ ನಾ ನಿನ್ನ ಅಳಿಯಾ ಅಂತ ಹೇಳಬ್ಯಾಡ. ಕೆಲಸಾ ಮಾಡಿದ್ದೂ ಹೇಳಬ್ಯಾಡ... ಹಂಗಲ್ಲೋ... ಪರಿಚಯದಾಂವ ಅನ್ನು ಸಾಕು. ಅತ್ತಿಗೂ ಹೇಳು."

ಆ ಕಡೆಯಿಂದ ಏನು ಉತ್ತರ ಬಂತೋ ತಿಳಿಯಲಿಲ್ಲ.

ಆಟೋನಗರದ ಶೆಡ್ಡಿನ ಮುಂದೆ ಮೌನೇಶಪ್ಪ ಕೈ ಮುಗಿದು ನಿಂತಿದ್ದರು. ಬಿಳಿ ಅಂಗಿ ಹಾಕಿಕೊಂಡಿದ್ದರು. ಅದರ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. "ಬನ್ನಿ ಮೇಡಂ, ಬನ್ನಿ ಸಾರ್" ಎಂದು ತೆಲುಗಿನಲ್ಲಿ ಕರೆದರು. ಸಾರ್ ಎಂದದ್ದು ವಿನಾಯಕನನ್ನು. ವಿನಾಯಕ ತಲೆ ಆಡಿಸಿದ.

ಹಿಂದೆ ಹನ್ನೊಂದು ಜನ ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ಈಗ ಮೂವರಿದ್ದರು. ಅದರಲ್ಲೊಬ್ಬ ಹಳಬ, ವಿನಾಯಕನನ್ನು ನೋಡಿ ಹಲ್ಲು ಕಿರಿದು ಎದ್ದ. ಮೌನೇಶಪ್ಪ ಏನೋ ಗದರಿದರು. ಅವನು ಮತ್ತೆ ಕೂತು ಗರಗಸ ಹಿಡಿದ.

ಎರಡು ಗಂಟೆ ಮೌನೇಶಪ್ಪ ಎಲ್ಲವನ್ನೂ ತೋರಿಸಿದರು. ಪ್ರತ್ಯೂಷಾ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಊಟದ ಹೊತ್ತಿಗೆ ಕನಕದುರ್ಗ ಕ್ಯಾರಿಯರ್ ತಂದರು. ನಾಲ್ಕು ಎಲೆ ಹಾಕಿ ಬಡಿಸಿದರು. ವಿನಾಯಕನ ಎಲೆಗೆ ಗೋಂಗೂರ ಚಟ್ನಿ ಹಾಕುವಾಗ ಅವನು ಸಾಕು ಎಂದು ಕೈ ಅಡ್ಡ ಹಿಡಿದ.

"ಹಾಕಿಸಿಕೊಳ್ಳಿ ಬಾಬು" ಎಂದರು ಆಕೆ. "ನಮ್ಮ ಮನೆಯಲ್ಲಿ ಒಬ್ಬನಿದ್ದ. ಇದು ಇಲ್ಲದೆ ಅನ್ನ ಮುಟ್ಟುತ್ತಿರಲಿಲ್ಲ."

ಪ್ರತ್ಯೂಷಾ ಕುತೂಹಲದಿಂದ, "ಯಾರು, ನಿಮ್ಮ ಮಗನಾ?" ಎಂದಳು.

"ಹಾಗೇ ಅಂದುಕೊಂಡಿದ್ದೆವು" ಎಂದು ಕನಕದುರ್ಗ ಪಾತ್ರೆ ತೆಗೆದುಕೊಂಡು ಒಳಗೆ ಹೋದರು.

ಹೊರಡುವಾಗ ಪ್ರತ್ಯೂಷಾಳ ಕಣ್ಣು ಗೋಡೆಗೆ ಒರಗಿಸಿದ್ದ ಒಂದು ಕೋಲಿನ ಮೇಲೆ ಬಿತ್ತು. ತೇಗದ ಅಳತೆಕೋಲು, ಕೈಯಾಡಿ ಆಡಿ ಕಪ್ಪಾಗಿತ್ತು. ಒಂದು ತುದಿಯಲ್ಲಿ ಮೂರು ಗೀಟು ಕೊರೆದಿದ್ದರು. ಚಾಸಿಯ ಮೇಲೆ ನೆಲಹಲಗೆಯನ್ನು ಹಿಂದುಗಡೆ ಎಷ್ಟು ಎತ್ತರಿಸಬೇಕು ಎಂಬುದಕ್ಕೆ ಅವು ಗುರುತು. ಮೌನೇಶಪ್ಪ ಬೆರಳಿಟ್ಟು ತೋರಿಸಿದರು. ಕೆಳಗಿನದು ಹತ್ತಿ, ಹೊಟ್ಟಿನಂಥ ಹಗುರ ಸರಕಿಗೆ. ಮೇಲಿನದು ಸಿಮೆಂಟು, ಕಲ್ಲಿಗೆ.

"ನಡುವೆ ಇರೋದು? ಇದು ಸ್ವಲ್ಪ ಓರೆಯಾಗಿದೆ."

ಮೌನೇಶಪ್ಪ ಒಂದು ಕ್ಷಣ ವಿನಾಯಕನ ಕಡೆ ನೋಡಿದರು. ಅವನು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದ.

"ಅದು ಇಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ಕೊರೆದದ್ದು. ಓದಿ ದೊಡ್ಡವನಾದ, ಹೋದ. ಕೋಲು ನೀವೇ ಇಟ್ಟುಕೊಳ್ಳಿ ಮೇಡಂ. ಇನ್ನು ಇಲ್ಲಿ ಯಾರಿಗೆ ಬೇಕು?"

ಬಡಿಗೇರರ ಮನೆಗಳಲ್ಲಿ ಅಳತೆಕೋಲು ಗುರುವಿನ ಕೈಯಿಂದ ಶಿಷ್ಯನ ಕೈಗೆ ಹೋಗುತ್ತದೆ, ಹೊರಗಿನವರಿಗೆ ಕೊಡುವುದಿಲ್ಲ. ನನಗೆ ಅದು ಗೊತ್ತಿತ್ತು. ನನಗಿಂತ ಚೆನ್ನಾಗಿ ವಿನಾಯಕನಿಗೆ ಗೊತ್ತಿತ್ತು. ಪ್ರತ್ಯೂಷಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಥ್ಯಾಂಕ್ಸ್ ಹೇಳಿದಳು. ರೈಲಿನಲ್ಲಿ ಅದು ಮೇಲಿನ ಬರ್ತಿನಲ್ಲಿ ಮಲಗಿತ್ತು. ಅಷ್ಟು ಹೊತ್ತೂ ವಿನಾಯಕ ತಲೆ ಎತ್ತಲಿಲ್ಲ.

ಅಂದಿನಿಂದ ಮೌನೇಶಪ್ಪ ಫೋನಿನಲ್ಲಿಯೂ ಅವನನ್ನು ಸಾರ್ ಎನ್ನತೊಡಗಿದರು. ಸಿಟ್ಟಿನಿಂದಲ್ಲ. "ಊಟಾ ಆತೇನ್ರಿ ಸಾರ್" ಎಂದು ಬಹಳ ಮೆತ್ತಗೆ ಕೇಳುತ್ತಾರಂತೆ. ಮಾವಾ, ಬಿಡೋ ಎಂದರೆ, "ರೂಢಿ ಮಾಡಿಕೊಳ್ಳಬೇಕಲ್ಲ" ಎನ್ನುತ್ತಾರಂತೆ.

ಸಮಿತಿ ಕೂತ ದಿನ ಸೆಮಿನಾರ್ ಹಾಲಿನಲ್ಲಿ ಮುಂದಿನ ಸಾಲಿನಲ್ಲಿ ಐದು ಜನ ಪ್ರೊಫೆಸರುಗಳು, ಹಿಂದೆ ನಾವು. ವಿನಾಯಕನ ಸರದಿ ಮೊದಲು ಬಂತು. ಅವನು ಹೊಸದಾಗಿ ಬರೆದಿದ್ದ ವಿಷಯ, ಕಾಲೇಜು ವಿದ್ಯಾರ್ಥಿಗಳಲ್ಲಿ ಮೊಬೈಲ್ ಬಳಕೆ. ನಾಲ್ಕು ನಿಮಿಷಕ್ಕೆ ಮುಗಿಯಿತು. ಹೊರಗಿನಿಂದ ತಜ್ಞರಾಗಿ ಬಂದಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸುತ್ತ, "ಇದರಲ್ಲಿ ನೀವು ಎಲ್ಲಿದ್ದೀರಿ?" ಎಂದು ಕೇಳಿದರು. ಅವನು ಕೈಯಲ್ಲಿದ್ದ ಹಾಳೆ ತಿರುವಿದ. ವಾರದೊಳಗೆ ಮಾರ್ಗದರ್ಶಕರು ಒಪ್ಪಿದ ಬೇರೆ ವಿಷಯ ಕೊಡಬೇಕೆಂದು ಬರೆದುಕೊಂಡರು.

ಆಮೇಲೆ ಪ್ರತ್ಯೂಷಾ ಎದ್ದಳು. ಫೋಟೋಗಳು, ಶೆಡ್ಡುಗಳ ನಕ್ಷೆ, ಮೌನೇಶಪ್ಪನ ಧ್ವನಿ. ಕೊನೆಗೆ ಆ ಕೋಲನ್ನು ತಂದು ಮೇಜಿನ ಮೇಲೆ ಇಟ್ಟಳು. ಆ ತಜ್ಞರು ಅದನ್ನು ಕೈಗೆ ತೆಗೆದುಕೊಂಡರು.

"ಎರಡು ಗೀಟು ಒಂದು ಕೈಯವು. ನಡುವಿನದು ಬೇರೆ ಕೈ. ಇದೇನು?"

ಪ್ರತ್ಯೂಷಾ ತನ್ನ ಟಿಪ್ಪಣಿ ನೋಡಿಕೊಂಡಳು. "ಯಾರೋ ಕೆಲಸಗಾರ ಕೊರೆದದ್ದಂತೆ ಸರ್. ಓರೆಯಾಗಿದೆ. ಬಹುಶಃ ತಪ್ಪಿ ಬಿದ್ದ ಗುರುತು."

"ತಪ್ಪಲ್ಲ ಸರ್."

ವಿನಾಯಕ ಎದ್ದು ನಿಂತಿದ್ದ. ಹೇಳಿದ ಮೇಲೇ ತಾನು ಹೇಳಿದೆ ಎಂದು ಅವನಿಗೆ ತಿಳಿದಂತೆ ಕಾಣಿಸಿತು.

"ಅದು ಮೀನಿನ ಲಾರಿಗೆ. ಭೀಮವರಂ ಕಡೆಯಿಂದ ಐಸ್ ಹಾಕಿ ಮೀನು ತುಂಬಿ ಉತ್ತರಕ್ಕೆ ಹೋಗ್ತಾವೆ. ದಾರಿಯಲ್ಲಿ ಐಸ್ ಕರಗುತ್ತೆ, ಭಾರ ಇಳಿಯುತ್ತೆ, ಹಿಂದುಗಡೆ ಮತ್ತೆ ಮೇಲೇಳುತ್ತೆ. ನೀರೆಲ್ಲ ಮುಂದಕ್ಕೆ ಹರಿದು ಕ್ಯಾಬಿನ್ ಹಿಂದಿನ ಮೂಲೆಯ ಹಲಗೆ ಕೊಳೀತಿತ್ತು. ರಿಪೇರಿಗೆ ಬಂದ ಲಾರಿಗಳಲ್ಲೆಲ್ಲ ಅದೇ ಮೂಲೆ. ಸಿಮೆಂಟಿನ ಗುರುತಿಗಿಂತ ಕೆಳಗೆ ಇಟ್ಟು, ಬಲಗಡೆಗೆ ಕೂದಲೆಳೆಯಷ್ಟು ಇಳಿಜಾರು ಬಿಟ್ಟರೆ ನೀರು ಹಿಂದಿನ ತೂತಿನಿಂದ ಹೋಗುತ್ತೆ. ಗೀಟು ಓರೆ ಇರೋದು ಆ ಇಳಿಜಾರಿಗೆ."

ಪ್ರತ್ಯೂಷಾ ಟಿಪ್ಪಣಿಯಿಂದ ತಲೆ ಎತ್ತಿ ಅವನ ಕಡೆ ತಿರುಗಿದಳು.

"ಇದನ್ನ ಯಾರು ಹೇಳಿದರು ನಿಮಗೆ?" ತಜ್ಞರು ಕೇಳಿದರು.

"ಯಾರೂ ಹೇಳಲಿಲ್ಲ ಸರ್. ಅದು ನಾನು ಕೊರೆದದ್ದು. ಆಗ ನನಗೆ ಹತ್ತೊಂಬತ್ತು. ಮೌನೇಶಪ್ಪ ನನ್ನ ಸೋದರಮಾವ. ಮೂರು ಲಾರಿ ಓಡಿಸಿ ನೋಡಿದ ಮೇಲೆ ಅವರೇ ಉಳಿ ಕೊಟ್ಟು, ನೀನೇ ಕೊರಿ ಅಂದರು."

ತಜ್ಞರು ಕೋಲನ್ನೂ ಅವನನ್ನೂ ನೋಡಿದರು. "ಬಹಳ ಚೆನ್ನಾಗಿದೆ" ಎಂದರು. ಅದು ನಿಜವಾದ ಮೆಚ್ಚುಗೆಯಾಗಿತ್ತು. ಆಮೇಲೆ ಪ್ರತ್ಯೂಷಾಳ ಕಡೆ ತಿರುಗಿದರು. "ನೀವು ಅದೃಷ್ಟವಂತರಮ್ಮಾ. ಮುಖ್ಯ ಮಾಹಿತಿದಾರರು ವಿಭಾಗದಲ್ಲೇ ಇದ್ದಾರೆ. ಈ ಒಂದು ಗೀಟಿಗೇ ಒಂದು ಅಧ್ಯಾಯ ಆಗುತ್ತೆ."

ವಿಷಯಕ್ಕೆ ಎಲ್ಲರೂ ಒಪ್ಪಿಗೆ ಕೊಟ್ಟರು.

ಸಭೆ ಮುಗಿದ ಮೇಲೆ ಕಾಮೇಶ್ವರ ಸರ್ ಅವನನ್ನು ತಡೆದು ನಿಲ್ಲಿಸಿದರು. "ನಿನಗೆ ಗೊತ್ತಿರೋದು ಏನು ಅಂತ ನಾನು ಕೇಳಿದ್ದೆ" ಎಂದರು. ಅಷ್ಟೇ. ಅವರ ದನಿಯಲ್ಲಿ ಬೇಸರವಿತ್ತು. ಆದರೆ ನಡಾವಳಿಗೆ ಆಗಲೇ ಐವರ ಸಹಿ ಬಿದ್ದಿತ್ತು. ಫೆಲೋಶಿಪ್ ನಿಲ್ಲಬಾರದೆಂದರೆ ವಾರದೊಳಗೆ ಅವನಿಗೂ ಒಂದು ವಿಷಯ ಬೇಕಿತ್ತು. ಅವರೇ ಒಂದು ಕೊಟ್ಟರು. ಅಚ್ಯುತಾಪುರಂ ಕೈಗಾರಿಕಾ ವಲಯದ ಮಹಿಳಾ ಕಾರ್ಮಿಕರಲ್ಲಿ ಉದ್ಯೋಗ ತೃಪ್ತಿ. ಮುನ್ನೂರು ಜನ, ನಲವತ್ತು ಪ್ರಶ್ನೆ. ಅಂಥ ಪ್ರಬಂಧಗಳು ಆ ಬೀರುವಿನಲ್ಲಿ ಮೂರಿದ್ದವು. ಊರು ಬೇರೆಯಾದ್ದರಿಂದ ನಡೆಯುತ್ತದೆ ಎಂದರು.

ಪ್ರತ್ಯೂಷಾ ಅತ್ತಿದ್ದಳು. ಮೆಟ್ಟಿಲ ಮೇಲೆ ಅವನಿಗಾಗಿ ಕಾದಿದ್ದಳು.

"ಯಾಕೆ ಹೇಳಲಿಲ್ಲ ನೀವು? ನಾನು ಕೇಳಿದೆನಲ್ಲ. ಎರಡು ಸಲ ಕೇಳಿದೆ."

"ಹೌದು, ಕೇಳಿದ್ರಿ" ಎಂದ.

"ಈಗ ಬಿಟ್ಟರೆ ಮುಂದಿನ ಸಮಿತಿಯವರೆಗೆ ನನ್ನ ಆರು ತಿಂಗಳು ಹೋಗುತ್ತೆ. ಮನೆಯಲ್ಲಿ..." ಎಂದು ನಿಲ್ಲಿಸಿದಳು. ಆಮೇಲೆ, "ನೀವು ಸಹಾಯ ಮಾಡ್ತೀರಲ್ಲ?" ಎಂದಳು.

"ಮಾಡ್ತೀನಿ" ಎಂದ ವಿನಾಯಕ.

ಮಾಡಿದ. ಮಾತಿಗೆ ತಪ್ಪುವವನಲ್ಲ. ವಾರದಲ್ಲಿ ನಾಲ್ಕು ದಿನ ಬಸ್ಸು ಹಿಡಿದು ಅಚ್ಯುತಾಪುರಂಗೆ ಹೋಗುತ್ತಾನೆ. ಕಾರ್ಖಾನೆಯ ಗೇಟಿನ ಹೊರಗೆ ಪಾಳಿ ಬಿಡುವುದನ್ನು ಕಾದು, ಮನೆಗೆ ಹೋಗಲು ಅವಸರದಲ್ಲಿರುವ ಹೆಣ್ಣುಮಕ್ಕಳನ್ನು ನಿಲ್ಲಿಸಿ, ನಿಮಗೆ ತೃಪ್ತಿಯಿದೆಯೇ, ಸ್ವಲ್ಪ ತೃಪ್ತಿಯಿದೆಯೇ ಎಂದು ಕೇಳುತ್ತಾನೆ. ಉಳಿದ ದಿನ ಪ್ರತ್ಯೂಷಾಳ ರೆಕಾರ್ಡಿಂಗುಗಳಲ್ಲಿ ಅವಳಿಗೆ ತಿಳಿಯದ್ದನ್ನು ಬಿಡಿಸಿ ಹೇಳುತ್ತಾನೆ. ಸೆಮಿನಾರ್ ಹಾಲಿನ ಬಾಗಿಲನ್ನೂ ಸರಿಮಾಡಿದ. ಜವಾನ ಮಣಿಕಂಠ ಬಂದು, "ಸಾರ್, ನಿಮಗೆ ಬರುತ್ತಂತಲ್ಲ" ಎಂದು ಕೇಳಿದ್ದ.

ಹೋದ ತಿಂಗಳು ಪ್ರತ್ಯೂಷಾ ತನ್ನ ಕ್ರಮಬದ್ಧ ಸಂದರ್ಶನಗಳನ್ನು ಶುರುಮಾಡಿದಳು. ಮೊದಲನೆಯದು ವಿನಾಯಕನದೇ. ನನ್ನ ಪಕ್ಕದ ಮೇಜಿನಲ್ಲೇ ಕೂತಿದ್ದರು. ಅವಳ ಪ್ರಶ್ನಾವಳಿ ಅಚ್ಚುಕಟ್ಟಾಗಿತ್ತು. ನಡುವೆ ರೆಕಾರ್ಡರ್ ಇತ್ತು, ಪಕ್ಕದಲ್ಲಿ ಆ ಕೋಲು.

"ಮಾಹಿತಿದಾರರ ಕ್ರಮಸಂಖ್ಯೆ ಒಂದು" ಎಂದು ಓದಿಕೊಂಡಳು. "ಹೆಸರು ಗೊತ್ತು. ವಯಸ್ಸು?"

"ಇಪ್ಪತ್ತೇಳು."

"ಈ ವೃತ್ತಿಯಲ್ಲಿ ಎಷ್ಟು ವರ್ಷ?"

"ಆರು."

"ಕಲಿಸಿದವರು?"

"ಸೋದರಮಾವ."

"ವೃತ್ತಿ ಬಿಟ್ಟ ಕಾರಣ?"

ವಿನಾಯಕ ಕೋಲನ್ನು ತೆಗೆದುಕೊಂಡ. ನಡುವಿನ ಗೀಟಿನ ಮೇಲೆ ಹೆಬ್ಬೆರಳು ಆಡಿಸಿದ, ಒಳಗೆ ಸೇರಿದ್ದ ಧೂಳನ್ನು ಉಗುರಿನಿಂದ ತೆಗೆದ. ಅವಳು ಪೆನ್ನು ಹಿಡಿದು ಕಾದಳು. ನಾನು ಓದುವುದನ್ನು ನಿಲ್ಲಿಸಿದ್ದೆ.

"ಬರ್ಕೊಳ್ಳಿ" ಎಂದ. "ಪಿಎಚ್.ಡಿ. ಮಾಡೋದಕ್ಕೆ."

ಅವಳು ಬರೆದುಕೊಂಡಳು.